ಕೂತರೆ ಸಾಲದು, ನಿಲ್ಲಿಸಬೇಕು

ನಮ್ಮ ಜನ ಚಿನ್ನ ಕೊಳ್ಳುವುದನ್ನು ತಾವೆಲ್ಲ ನೋಡಿದ್ದೀರಿ. ಒಂದು ಜೊತೆ ಓಲೆಗಾಗಿ ಟಿ. ನಗರದಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿಯುತ್ತಾರೆ. ಹಾಲ್‌ಮಾರ್ಕಿನ ಮುದ್ರೆಯನ್ನು ಭೂತಗನ್ನಡಿ ಹಿಡಿದು ನೋಡುತ್ತಾರೆ. ತೂಕ, ಕೂಲಿ, ವೇಸ್ಟೇಜು ಎಲ್ಲವನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳುತ್ತಾರೆ. ಸಂತೋಷ. ಅದೇ ಮನೆಯ ಯಜಮಾನರು ತಮ್ಮ ಹಳೆಯ ಪಿಕಪ್ ಗಾಡಿಗೆ ಬ್ರೇಕಿನ ಸಾಮಾನು ಬೇಕಾದಾಗ ಏನು ಮಾಡುತ್ತಾರೆ? ಡ್ರೈವರ್ ಹುಡುಗನ ಕೈಗೆ ಎರಡು ನೋಟು ತುರುಕಿ, "ಹೋಗಿ ಯಾವುದಾದರೂ ಒಂದು ಹಾಕಿಸಿಕೊಂಡು ಬಾರೋ, ಹನ್ನೊಂದಕ್ಕೆ ಊಟ ಕಳಿಸಬೇಕು" ಎನ್ನುತ್ತಾರೆ. ಕಿವಿಯ ಓಲೆಗಿರುವ ಮರ್ಯಾದೆ, ಸರಕು ತುಂಬಿ ಎರಡೂವರೆ ಟನ್ ತೂಗುವ ಗಾಡಿಯನ್ನು ನಿಲ್ಲಿಸುವ ವಸ್ತುವಿಗೆ ಇಲ್ಲ.

ಈ ಲೇಖನ ಬರೆದಿರುವುದು ಆ ಯಜಮಾನರಿಗಾಗಿ. ಚೆನ್ನೈಯಲ್ಲಿರುವ ನಾವು ಕನ್ನಡಿಗರು ಎಲ್ಲರೂ ಕಚೇರಿಯ ಕುರ್ಚಿಗೆ ಅಂಟಿಕೊಂಡವರಲ್ಲ. ಹೋಟೆಲು, ಮೆಸ್ಸು, ಮದುವೆ ಅಡಿಗೆ, ಶಾಮಿಯಾನ, ಹಪ್ಪಳ ಸಂಡಿಗೆಯ ವ್ಯಾಪಾರ ಎಂದು ಎಷ್ಟೋ ಸದಸ್ಯರ ಬಾಳು ಒಂದು ಹಳೆಯ ಪಿಕಪ್ಪಿನ ಮೇಲೆ ನಡೆದಿದೆ. ರಾತ್ರಿ ಎರಡೂವರೆಗೆ ಎದ್ದು ಕೊಯಂಬೇಡಿಗೆ ಹೋಗಿ ತರಕಾರಿ ತರುವುದು ಆ ಗಾಡಿಯೇ. ರಾಜ್ಯೋತ್ಸವದ ದಿನ ನಮ್ಮ ಸಂಘದ ಕುರ್ಚಿ, ಮೈಕು, ನಾಟಕದ ಪರದೆಗಳನ್ನು ಹೊತ್ತು ತರುವುದೂ ಅದೇ. ಅದರ ಸ್ಟಿಯರಿಂಗ್ ಹಿಡಿದು ಕೂತಿರುವವನು ಸಾಮಾನ್ಯವಾಗಿ ಕುಂದಾಪುರದ ಕಡೆಯದೋ ಹಾಸನದ ಕಡೆಯದೋ ಒಬ್ಬ ಹುಡುಗ. ಅವನ ತಾಯಿ ನಮ್ಮ ಮೇಲೆ ನಂಬಿಕೆಯಿಟ್ಟು ಕಳಿಸಿರುತ್ತಾಳೆ.

ನನ್ನ ತಕರಾರು ಒಂದೇ ಒಂದು ಮಾತಿನ ಮೇಲೆ. ಜೆ.ಸಿ. ರಸ್ತೆಯಲ್ಲಿ ಅದನ್ನು "ಕೂತ್ಕೊಳ್ಳುತ್ತೆ ಸಾರ್" ಎನ್ನುತ್ತಾರೆ. ಇಲ್ಲಿ ನಮ್ಮ ಜನರಲ್ ಪ್ಯಾಟರ್ಸ್ ರಸ್ತೆಯಲ್ಲಿ "ಸೆಟ್ ಆಯಿಡುಂ ಸಾರ್" ಎನ್ನುತ್ತಾರೆ. ಅರ್ಥ ಒಂದೇ: ಬೋಲ್ಟಿನ ತೂತುಗಳು ಸರಿಹೊಂದುತ್ತವೆ, ಪೈಪು ಹಿಡಿಯುತ್ತದೆ, ಚಕ್ರ ಮತ್ತೆ ಏರುತ್ತದೆ, ಇನ್ನು ದುಡ್ಡು ಕೊಡಿ. ಬಾಗಿಲಿನ ಹಿಡಿಗೆ ಈ ಮಾತು ಸಾಕು. ಕನ್ನಡಿಗೆ ಸಾಕು. ಬ್ರೇಕಿಗೆ ಸಾಲದು. ಬ್ರೇಕಿನ ಸಾಮಾನು ತನ್ನ ಜಾಗದಲ್ಲಿ ಕೂತಿತೆಂಬುದು ಅದು ಸರಿಯಾದದ್ದು ಎಂಬುದಕ್ಕೆ ಸಾಕ್ಷಿಯೇ ಅಲ್ಲ. ಇದನ್ನು ನಾನು ವೇದಾಂತವಾಗಿ ಹೇಳುತ್ತಿಲ್ಲ. ಬಿ.ಎಸ್ಸಿ. ಮೊದಲ ವರ್ಷದ ಭೌತಶಾಸ್ತ್ರದ ಲೆಕ್ಕ ಸಾಕು; ಅದನ್ನು ಮಾಡಿಯೇ ತೋರಿಸುತ್ತೇನೆ.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಹುಟ್ಟಿದ ಒತ್ತಡ ಕೊಳವೆಗಳಲ್ಲಿ ಹರಿದು ಹಿಂದಿನ ಚಕ್ರದ ಡ್ರಮ್ಮಿನೊಳಗಿನ ವೀಲ್ ಸಿಲಿಂಡರಿಗೆ ಬರುತ್ತದೆ. ಅಲ್ಲಿನ ಪಿಸ್ಟನ್‌ಗಳು ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತವೆ. ಒತ್ತಡ ಅದೇ ಇದ್ದರೂ ಬಲ ಪಿಸ್ಟನ್ನಿನ ವಿಸ್ತೀರ್ಣವನ್ನು ಅವಲಂಬಿಸುತ್ತದೆ. ವಿಸ್ತೀರ್ಣ ವ್ಯಾಸದ ವರ್ಗದಂತೆ ಏರುತ್ತದೆ. ಮುಕ್ಕಾಲು ಅಂಗುಲದ, ಅಂದರೆ ೧೯.೦೫ ಮಿಲಿಮೀಟರಿನ, ಸಿಲಿಂಡರಿನ ಜಾಗದಲ್ಲಿ ಏಳೆಂಟಾಂಶ ಅಂಗುಲದ, ಅಂದರೆ ೨೨.೨ ಮಿಲಿಮೀಟರಿನ, ಸಿಲಿಂಡರು ಹಾಕಿದರೆ ಏನಾಗುತ್ತದೆ? ವ್ಯಾಸಗಳ ಅನುಪಾತ ಆರಕ್ಕೆ ಏಳು. ವರ್ಗ ಮಾಡಿದರೆ ಮೂವತ್ತಾರಕ್ಕೆ ನಲವತ್ತೊಂಬತ್ತು. ಹಿಂದಿನ ಚಕ್ರದ ಬ್ರೇಕಿನ ಬಲ ನೂರಕ್ಕೆ ಮೂವತ್ತಾರು ಹೆಚ್ಚಾಯಿತು. ಹೊರಗಿನಿಂದ ನೋಡಿದರೆ ಎರಡೂ ಅವಳಿ ಮಕ್ಕಳು. ಬೋಲ್ಟು ಅದೇ, ಪೈಪಿನ ಮರೆ ಅದೇ.

"ಬಲ ಹೆಚ್ಚಾದರೆ ಒಳ್ಳೆಯದಲ್ಲವೇ ಸ್ವಾಮಿ?" ಎಂದು ನಮ್ಮ ಹಿರಿಯ ಸದಸ್ಯರೊಬ್ಬರು ಕೇಳಿದರು. ಅಲ್ಲ ಸ್ವಾಮಿ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲಿ ಅದು ಇನ್ನೂ ಹಗುರವಾಗುತ್ತದೆ. ಆಗ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಮೊದಲೇ ಕಚ್ಚಿಕೊಂಡರೆ ಗಾಡಿಯ ಬಾಲ ಪಕ್ಕಕ್ಕೆ ತಿರುಗುತ್ತದೆ. ಮಳೆ ಬಿದ್ದಿದ್ದರೆ ಕೇಳುವುದೇ ಬೇಡ. ಇದನ್ನು ತಡೆಯಲೆಂದೇ ಎಷ್ಟೋ ಪಿಕಪ್ಪುಗಳಲ್ಲಿ, ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ತಗ್ಗಿಸುವ ಒಂದು ವಾಲ್ವನ್ನು ಹಿಂದಿನ ಆಕ್ಸಲಿನ ಹತ್ತಿರ ಕೂಡಿಸಿರುತ್ತಾರೆ. ಅದು ಸ್ವಲ್ಪ ತೊಂದರೆ ಕೊಟ್ಟ ಕೂಡಲೇ ನಮ್ಮ ಮೇಸ್ತ್ರಿಗಳು ಮಾಡುವ ಮೊದಲ ಕೆಲಸ ಅದರ ಕಡ್ಡಿಯನ್ನು ತಂತಿಯಿಂದ ಎತ್ತಿ ಕಟ್ಟಿಬಿಡುವುದು. ಅದಕ್ಕೂ ಯಜಮಾನರ ಒಪ್ಪಿಗೆ ಇರುತ್ತದೆ. ಹೊಸ ವಾಲ್ವಿನ ಖರ್ಚು ಉಳಿಯಿತಲ್ಲ.

ನಡೆದದ್ದನ್ನೇ ಹೇಳುತ್ತೇನೆ. ನನ್ನ ಭಾವಮೈದ ಇಲ್ಲಿ ಒಂದು ಮೆಸ್ಸು ನಡೆಸುತ್ತಾನೆ. ಅವನ ಪಿಕಪ್ಪು ಹದಿನೈದು ವರ್ಷ ದಾಟಿದ್ದು. ಹಿಂದಿನ ಸಿಲಿಂಡರುಗಳು ಸೋರಿದವೆಂದು ಡ್ರೈವರನ್ನು ಒಂದು ಅಂಗಡಿಗೆ ಅಟ್ಟಿದ. ಅಂಗಡಿಯವರು ಗಾಡಿಯ ಹೆಸರು ಕೇಳಿದರು, ಎರಡು ಸಿಲಿಂಡರು ಕೊಟ್ಟರು. ಅವು ಕೂತವು. ಮರುದಿನದಿಂದಲೇ ಹುಡುಗ ಹೇಳತೊಡಗಿದ, "ಅಣ್ಣ, ಪೆಡಲ್ ಸ್ವಲ್ಪ ಕೆಳಗೆ ಹೋಗುತ್ತೆ." ಮೇಸ್ತ್ರಿ ಮೂರು ಸಲ ಗಾಳಿ ತೆಗೆದ. ಗಾಳಿ ಇದ್ದರಲ್ಲವೇ ಹೋಗುವುದು! ದೊಡ್ಡ ಸಿಲಿಂಡರನ್ನು ತುಂಬಲು ಹೆಚ್ಚು ಎಣ್ಣೆ ಬೇಕು, ಹೆಚ್ಚು ಎಣ್ಣೆ ತಳ್ಳಲು ಪೆಡಲ್ ಹೆಚ್ಚು ಆಳಕ್ಕೆ ಹೋಗಲೇಬೇಕು. ಹುಡುಗನ ಕಾಲಿಗೆ ತಿಳಿದದ್ದು ಯಾರ ತಲೆಗೂ ಹೋಗಲಿಲ್ಲ. ಆ ನವೆಂಬರಿನ ಮಳೆಯಲ್ಲಿ, ಪಾತ್ರೆ ಇಳಿಸಿ ಖಾಲಿ ಬರುತ್ತಿದ್ದಾಗ, ಎದುರಿಗೆ ಒಂದು ಆಟೋ ತಟ್ಟನೆ ನಿಂತಿತು. ಹುಡುಗ ಬ್ರೇಕ್ ಒತ್ತಿದ. ಗಾಡಿ ಅರ್ಧ ಸುತ್ತು ತಿರುಗಿ ನಡುವಣ ವಿಭಜಕಕ್ಕೆ ಹೊಡೆದು ನಿಂತಿತು. ಹುಡುಗನ ಭುಜದ ಮೂಳೆ ಮುರಿದು ಎರಡು ತಿಂಗಳು ಕೆಲಸವಿಲ್ಲ. ಆ ಎರಡು ತಿಂಗಳು ಅವನ ಊರಿಗೆ ಹೋಗಬೇಕಾಗಿದ್ದ ಮನಿಯಾರ್ಡರು, ಈಗಿನ ಮಾತಿನಲ್ಲಿ ಗೂಗಲ್ ಪೇ, ಹೋಗಲಿಲ್ಲ. ಚಕ್ರ ಬಿಚ್ಚಿಸಿ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದಾಗ ಮೇಲೆ ಹೇಳಿದ ಲೆಕ್ಕ ಹೊರಬಿತ್ತು.

ಅಂಗಡಿಯವರನ್ನು ಬೈಯುವುದು ಸುಲಭ. ಭಾವಮೈದ ಬೈದದ್ದೂ ಅವರನ್ನೇ. ಆದರೆ ಅವರು ಕೇಳಿದ್ದು ಗಾಡಿಯ ಹೆಸರನ್ನು, ಇವನ ಕಡೆಯಿಂದ ಹೋದದ್ದೂ ಹೆಸರು ಮಾತ್ರ. ಹೆಸರಿನಿಂದ ಏನು ತಿಳಿಯುತ್ತದೆ? "ಬೊಲೆರೋ" ಎಂದರೆ ಯಾವ ಬೊಲೆರೋ? ಪಿಕಪ್ಪೇ, ಕ್ಯಾಂಪರೇ, ಮ್ಯಾಕ್ಸಿ ಟ್ರಕ್ಕೇ? "ಟಾಟಾ ೨೦೭" ಎಂಬ ಅಂಕಿ ಎಷ್ಟು ವರ್ಷ, ಎಷ್ಟು ರೂಪದಲ್ಲಿ ರಸ್ತೆಯಲ್ಲಿ ಓಡಿದೆ? ಒಂದೇ ಹೆಸರಿನ ಗಾಡಿಗೆ ತಯಾರಕರು ಇಬ್ಬರು ಬೇರೆ ಬೇರೆ ಕಾರ್ಖಾನೆಯವರಿಂದ ಬ್ರೇಕು ತರಿಸಿಕೊಳ್ಳುವುದು ಈ ಉದ್ಯಮದಲ್ಲಿ ಮಾಮೂಲು. ವರ್ಷದ ನಡುವೆ ಸದ್ದಿಲ್ಲದೆ ಅಳತೆ ಬದಲಾಯಿಸುವುದೂ ಉಂಟು. ೨೦೦೮ರ ನವೆಂಬರಿನಲ್ಲಿ ತಯಾರಾದ ಗಾಡಿ ೨೦೦೯ರ ಫೆಬ್ರವರಿಯಲ್ಲಿ ನೋಂದಣಿಯಾಗಿದ್ದರೆ ನಮ್ಮವರು ಅದನ್ನು "ಒಂಬತ್ತರ ಮಾಡಲ್" ಎಂದೇ ಕರೆಯುತ್ತಾರೆ. ಸಾಮಾನಿನ ಮಟ್ಟಿಗೆ ಅದು ಎಂಟರದು. ಮಗುವಿನ ವಯಸ್ಸನ್ನು ಹುಟ್ಟಿದ ದಿನದಿಂದ ಎಣಿಸುತ್ತೀರೋ, ಶಾಲೆಗೆ ಸೇರಿಸಿದ ದಿನದಿಂದಲೋ?

ಇದಕ್ಕೆಲ್ಲ ಉತ್ತರ ತಮ್ಮ ಕಪಾಟಿನಲ್ಲೇ ಇದೆ. ಆರ್.ಸಿ.ಯಲ್ಲಿ ತಯಾರಿಕೆಯ ತಿಂಗಳು, ವರ್ಷ ಇರುತ್ತದೆ. ಹದಿನೇಳು ಅಕ್ಷರ-ಅಂಕಿಗಳ ಛಾಸಿ ನಂಬರು ಇರುತ್ತದೆ. ಆ ನಂಬರನ್ನು ಕಂಪನಿಯ ಬಿಡಿಭಾಗಗಳ ಕೌಂಟರಿನಲ್ಲಿ ಕೊಟ್ಟರೆ ಅವರು ತಮ್ಮ ಪಟ್ಟಿಯಲ್ಲಿ ನೋಡಿ ಪಾರ್ಟ್ ನಂಬರು ಹೇಳುತ್ತಾರೆ. ಆ ಪಾರ್ಟ್ ನಂಬರೇ ಸಾಮಾನಿನ ನಿಜವಾದ ಹೆಸರು. ಉಳಿದದ್ದೆಲ್ಲ ಮುದ್ದಿನ ಹೆಸರು. ನಂಬರು ಸಿಕ್ಕಮೇಲೆ ತಾವು ಕಂಪನಿಯ ಡಬ್ಬಿಯನ್ನೇ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಬ್ರೇಕು ತಯಾರಿಸಿ ಗಾಡಿ ಕಂಪನಿಗೆ ಕೊಡುವವರು ಅದನ್ನೇ ತಮ್ಮ ಹೆಸರಿನ ಡಬ್ಬಿಯಲ್ಲಿ ಅಂಗಡಿಗೂ ಬಿಡುವುದುಂಟು. ಅವರ ಕ್ಯಾಟಲಾಗಿನಲ್ಲಿ ಇಂಥ ಗಾಡಿ, ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ಎಂದು ಅಚ್ಚಾಗಿರುತ್ತದೆ. ಹಾಗೆ ನೋಡಿ ಕೊಳ್ಳಿ.

ನಾಚಿಕೆಯ ಸಂಗತಿಯೆಂದರೆ ನಾವಿರುವ ಊರು. ಬ್ರೇಕ್ಸ್ ಇಂಡಿಯಾ ೧೯೬೨ರಲ್ಲಿ ಆರಂಭವಾದದ್ದು ಇಲ್ಲಿನ ಪಾಡಿಯಲ್ಲಿ. ರಾಣೆಯವರ ಬ್ರೇಕ್ ಲೈನಿಂಗ್ ಕಾರ್ಖಾನೆ ಅಂಬತ್ತೂರಿನಲ್ಲಿ, ೧೯೬೪ರಿಂದ. ಸುಂದರಂ ಬ್ರೇಕ್ ಲೈನಿಂಗ್ಸ್ ಕೂಡ ಪಾಡಿಯದೇ. ದೇಶದ ಮೂಲೆಮೂಲೆಗೆ ಬ್ರೇಕು ಕಳಿಸುವ ಊರಿನಲ್ಲಿ ಬದುಕುತ್ತಾ, ನಮ್ಮ ಸದಸ್ಯರು ಊರ ಹೆಸರಿಲ್ಲದ, ವಿಳಾಸವಿಲ್ಲದ ಬಿಳಿ ಡಬ್ಬಿಯ ಲೈನಿಂಗು ಹಾಕಿಸುತ್ತಾರೆ. ಕಾವೇರಿಯ ದಡದಲ್ಲಿ ಕೂತು ಚರಂಡಿ ನೀರು ಕುಡಿದಂತಾಯಿತು.

ಲೈನಿಂಗಿನ ವಿಚಾರ ಇನ್ನೂ ಕೆಟ್ಟದ್ದು, ಏಕೆಂದರೆ ಅದು ಕೆಟ್ಟದ್ದೆಂದು ಅಳತೆಯಿಂದ ತಿಳಿಯುವುದಿಲ್ಲ. ಮತ್ತೊಂದು ಲೆಕ್ಕ ಹಾಕೋಣ. ಗಂಟೆಗೆ ೫೦ ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು ೧೪ ಮೀಟರ್ ಓಡುತ್ತಿರುತ್ತದೆ. ಒಳ್ಳೆಯ ಬ್ರೇಕು ಅದನ್ನು ಸೆಕೆಂಡಿಗೆ ಸೆಕೆಂಡಿಗೆ ೬ ಮೀಟರಿನಂತೆ ತಗ್ಗಿಸಿದರೆ ಗಾಡಿ ೧೬ ಮೀಟರಿನಲ್ಲಿ ನಿಲ್ಲುತ್ತದೆ. ಸಪ್ಪೆ ಲೈನಿಂಗು ೪ ಮೀಟರಿನಂತೆ ತಗ್ಗಿಸಿದರೆ ನಿಲ್ಲಲು ೨೪ ಮೀಟರ್ ಬೇಕು. "ಎಂಟು ಮೀಟರ್ ತಾನೆ" ಎನ್ನಬೇಡಿ. ಮೊದಲ ಗಾಡಿ ನಿಂತ ಅದೇ ಜಾಗವನ್ನು ಎರಡನೆಯದು ದಾಟುವಾಗ ಅದರ ವೇಗ ಇನ್ನೂ ಗಂಟೆಗೆ ೨೯ ಕಿಲೋಮೀಟರ್ ಇರುತ್ತದೆ. ಆ ಜಾಗದಲ್ಲಿ ಶಾಲೆಯ ಚೀಲ ಹೊತ್ತ ಮಗು ನಿಂತಿದೆ ಎಂದು ಭಾವಿಸಿಕೊಂಡು ಆಮೇಲೆ ಚೌಕಾಸಿ ಮಾಡಿ.

ಇದು ಬಯಲಿನ ಮಾತಾಯಿತು. ಬೇಸಿಗೆ ರಜೆಯಲ್ಲಿ ಊರಮನೆಗೆಂದು ಮಂಚ, ಬೀರು ಹೇರಿಕೊಂಡು ಶಿರಾಡಿ ಘಾಟಿ ಇಳಿಯುವ ಗಾಡಿಗಳೂ ನಮ್ಮಲ್ಲಿವೆ. ಇಳಿಜಾರಿನಲ್ಲಿ ಬ್ರೇಕು ಕಾದಂತೆ ಕಳಪೆ ಲೈನಿಂಗಿನ ಹಿಡಿತ ಬೇಗ ಜಾರುತ್ತದೆ. ಜೊತೆಗೆ ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವಂಥದ್ದು. ಡಾಟ್ ೩ ಎಣ್ಣೆ ಹೊಸದಾಗಿದ್ದಾಗ ಕುದಿಯಲು ಕನಿಷ್ಠ ೨೦೫ ಡಿಗ್ರಿ ಬೇಕು. ತೇವ ಕುಡಿದಮೇಲೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಡಾಟ್ ೪ರದು ೨೩೦ರಿಂದ ೧೫೫ಕ್ಕೆ. ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿ. ಆವಿಯನ್ನು ಒತ್ತಿದರೆ ಅದು ಕುಗ್ಗುತ್ತದೆಯೇ ಹೊರತು ಚಕ್ರವನ್ನು ಹಿಡಿಯುವುದಿಲ್ಲ. ಗಾಡಿ ಕೊಂಡಂದಿನಿಂದ ಎಣ್ಣೆ ಬದಲಾಯಿಸದವರು ಎಷ್ಟು ಮಂದಿ, ಕೈ ಎತ್ತಿ! ಅರ್ಜೆಂಟಿಗೆ ಇಂಜಿನ್ ಎಣ್ಣೆ ಸುರಿದ ಮಹಾಶಯರೂ ಇದ್ದಾರೆ. ಅವರ ಗಾಡಿಯ ರಬ್ಬರುಗಳೆಲ್ಲ ನೀರಲ್ಲಿ ನೆನೆದ ಕಡಲೆಯಂತೆ ಊದಿಕೊಂಡಿದ್ದವು.

ಹಾಗಾದರೆ ಯಜಮಾನರು ಏನು ಮಾಡಬೇಕು? ಮೊದಲು, ಸ್ವತಃ ಹೋಗಬೇಕು. ಹಳೆಯ ಸಾಮಾನನ್ನು, ಎಡಬಲ ಎರಡನ್ನೂ, ತೊಳೆದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಹೋಗುವ ಮುಂಚೆ ಸಿಲಿಂಡರಿನ ಒಳವ್ಯಾಸವನ್ನೂ, ಡಿಸ್ಕಿನ ದಪ್ಪವನ್ನೂ, ಡ್ರಮ್ಮಿನ ವ್ಯಾಸವನ್ನೂ, ಲೈನಿಂಗಿನ ಅಗಲವನ್ನೂ ಅಳೆದು ಚೀಟಿಯಲ್ಲಿ ಬರೆದುಕೊಳ್ಳಬೇಕು. ಸಿಲಿಂಡರಿನ ಎರಕದ ಮೇಲೇ ಅಳತೆ ಉಬ್ಬಿರುವುದು ಅಪರೂಪವಲ್ಲ. ಕೊಳೆ ಕೆರೆದು ನೋಡಬೇಕು, ಅಷ್ಟೆ. ಆದರೆ ಹಳೆಯದಕ್ಕೆ ಹೊಸದು ಹೊಂದಿದ ಮಾತ್ರಕ್ಕೆ ನಂಬಬೇಡಿ. ಹದಿನೈದು ವರ್ಷದಲ್ಲಿ ಯಾರೋ ಪುಣ್ಯಾತ್ಮ ಅದಾಗಲೇ ತಪ್ಪು ಸಾಮಾನು ಹಾಕಿರಬಹುದು. ಆ ತಪ್ಪಿನ ಅಳತೆಗೆ ಸರಿಯಾಗಿ ತಾವು ಇನ್ನೊಂದು ತಪ್ಪನ್ನು ಕೊಂಡು ತಂದಂತಾದೀತು. ಅದಕ್ಕೇ ಛಾಸಿ ನಂಬರಿನ ಸಾಕ್ಷಿ ಬೇಕೆಂದದ್ದು. ನಂಬರೂ ಅಳತೆಯೂ ಒಂದೇ ಮಾತು ಹೇಳಿದರೆ ಕೊಳ್ಳಿ. ಜಗಳವಾಡಿದರೆ ಆ ದಿನ ಗಾಡಿ ನಿಲ್ಲಲಿ.

ಡ್ರಮ್ಮಿನ ಮೇಲೆ ಅದು ಎಷ್ಟು ಅಗಲವಾಗುವವರೆಗೆ ಬಳಸಬಹುದು ಎಂಬ ಮಿತಿಯನ್ನೂ, ಡಿಸ್ಕಿನ ಮೇಲೆ ಎಷ್ಟು ತೆಳುವಾಗುವವರೆಗೆ ಎಂಬ ಮಿತಿಯನ್ನೂ ಸಾಮಾನ್ಯವಾಗಿ ಕೆತ್ತಿರುತ್ತಾರೆ. ಲೇತಿನಲ್ಲಿ ಮತ್ತೆ ಮತ್ತೆ ಹೊಡೆಸಿ ಆ ಮಿತಿ ದಾಟಿದ ಡ್ರಮ್ಮಿಗೆ ಹೊಸ ಲೈನಿಂಗು ಹಾಕಿದರೆ ಅದು ನಡುವೆ ಮಾತ್ರ ತಾಗುತ್ತದೆ, ತುದಿಗಳು ಗಾಳಿಯಲ್ಲಿ. ಮೇಸ್ತ್ರಿ ಮಾತ್ರ "ಹೊಸ ಲೈನರ್ ಸಾರ್, ಸ್ವಲ್ಪ ದಿನ ಓಡಲಿ, ಕೂರುತ್ತೆ" ಎನ್ನುತ್ತಾನೆ. ಮತ್ತೆ ಅದೇ ಮಾತು! ಕ್ಯಾಲಿಪರಿನಲ್ಲಿ ಎಡಬಲವೂ ಉಂಟು. ಗಾಳಿ ತೆಗೆಯುವ ಸ್ಕ್ರೂ ಮೇಲ್ಗಡೆ ಬರಬೇಕು. ಅದಲುಬದಲು ಮಾಡಿದರೂ ಎಷ್ಟೋ ಗಾಡಿಗಳಲ್ಲಿ ಅದು ಕೂರುತ್ತದೆ. ಆದರೆ ಸ್ಕ್ರೂ ಕೆಳಗೆ ಬಂದು ಒಳಗಿನ ಗಾಳಿ ಹೊರಬರುವುದೇ ಇಲ್ಲ. ಹಾಂ, ಬಿಚ್ಚಿದ ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಕಂಪ್ರೆಸರಿನಿಂದಾಗಲಿ ಊದುವುದನ್ನು ನಿಲ್ಲಿಸಿ. ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಲಿ.

ಪುದುಪ್ಪೇಟೆಯ ಬಗ್ಗೆ ಒಂದು ಮಾತು. ಹಳೆಯ ಗಾಡಿ ಇಟ್ಟುಕೊಂಡವರಿಗೆ ಅದು ಕಾಶಿ, ನಾನೂ ಭಕ್ತನೇ. ಬಾಗಿಲು, ಬಂಪರು, ಹಿಂದಿನ ಹಲಗೆ, ಮಡ್‌ಗಾರ್ಡು ಏನು ಬೇಕಾದರೂ ತನ್ನಿ. ಬಿರುಕಿಲ್ಲದ ಬ್ರಾಕೆಟ್ಟಿನಂಥ ಎರಕದ ತುಂಡನ್ನೂ ಪರೀಕ್ಷಿಸಿ ತರಬಹುದು. ಆದರೆ ರಬ್ಬರು, ಹೋಸು, ಸಿಲಿಂಡರು, ಲೈನಿಂಗುಗಳನ್ನು ಸತ್ತ ಗಾಡಿಯ ಹೊಟ್ಟೆಯಿಂದ ತೆಗೆದು ಬದುಕಿರುವ ಗಾಡಿಗೆ ಹಾಕಬೇಡಿ. ಅದು ಏಕೆ ಸತ್ತಿತೆಂದು ತಮಗೆ ಗೊತ್ತಿಲ್ಲ.

ನನ್ನ ವಾದಕ್ಕೆ ಬರುವ ಆಕ್ಷೇಪಣೆಗಳನ್ನು ಬಲ್ಲೆ. ಕಾರಿನಲ್ಲಿ ಓಡಾಡುವ ಸದಸ್ಯರು "ಅಂಥ ಗುಜರಿಯನ್ನು ಮುರಿಸಿಬಿಡಿ, ಸರ್ಕಾರವೇ ಹೇಳಿದೆಯಲ್ಲ" ಎನ್ನುತ್ತಾರೆ. ಸರ್ಕಾರ ಹಾಗೆ ಹೇಳಿಲ್ಲ. ೨೦೨೧ರ ನೀತಿಯ ಮುಖ್ಯ ಅಳತೆಗೋಲು ಗಾಡಿಯ ಯೋಗ್ಯತೆ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು ೨೦೨೩ರ ಏಪ್ರಿಲ್ ೧ರಿಂದ ರದ್ದು ಮಾಡಿದರು, ನಿಜ. ಅದು ಸರ್ಕಾರದ ಸ್ವಂತ ಗಾಡಿಗಳಿಗೆ. ದೆಹಲಿ ಪ್ರದೇಶದ ಡೀಸೆಲ್ ಗಾಡಿಗಳ ಕಥೆ ಹೊಗೆಯ ವ್ಯಾಜ್ಯ, ಅದು ಬೇರೆ. ಇಲ್ಲಿ ಎಂಟು ವರ್ಷ ದಾಟಿದ ಸರಕು ವಾಹನ ಪ್ರತಿ ವರ್ಷ ಯೋಗ್ಯತಾಪತ್ರ ಪಡೆಯಬೇಕು, ಪಡೆದರೆ ಓಡಬಹುದು. ಹೊಸ ಗಾಡಿಯ ಸಾಲದ ಕಂತು ಕಟ್ಟಲು ಮೆಸ್ಸಿನ ಊಟದ ದರ ಏರಿಸಿದರೆ ಮೊದಲು ಗೊಣಗುವವರೂ ಈ ಮಹನೀಯರೇ. ಗಾಡಿ ಹಳೆಯದಾಗಿರುವುದು ಅಪರಾಧವಲ್ಲ. ಅದರ ಬ್ರೇಕು ಯಾವುದೋ ಒಂದಾಗಿರುವುದು ಅಪರಾಧ.

ಅಪರಾಧ ಎಂಬುದನ್ನು ಅಲಂಕಾರಕ್ಕೆ ಬಳಸಿಲ್ಲ. ಮೋಟಾರು ವಾಹನ ಕಾಯಿದೆಯ ೧೯೦ನೆಯ ಕಲಮು, ದೋಷವಿರುವ ಗಾಡಿಯನ್ನು ಓಡಿಸಿದವನನ್ನು ಮಾತ್ರವಲ್ಲ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. "ನನಗೆ ಗೊತ್ತಿರಲಿಲ್ಲ" ಎಂದರೆ ಬಿಡದು, ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಬಹುದಾಗಿದ್ದ ದೋಷವಾದರೂ ಸಾಕು. ಅದರಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಸೆರೆ.

"ಮೇಸ್ತ್ರಿಗೆ ಎಲ್ಲ ಗೊತ್ತು" ಎನ್ನುವವರಿಗೆ ನನ್ನ ಉತ್ತರ ಚಿಕ್ಕದು: ಮೇಸ್ತ್ರಿಗೆ ಹಾಕುವುದು ಗೊತ್ತು, ಗಾಡಿಯಲ್ಲಿ ಕೂರುವುದು ಅವನಲ್ಲ. "ಬಿಲ್ಲು ಬೇಡ, ತೆರಿಗೆ ಉಳಿಸೋಣ" ಎನ್ನುವವರೊಡನೆ ಮಾತ್ರ ಗುಮಾಸ್ತನಾದ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ೨೦೨೫ರ ಸೆಪ್ಟೆಂಬರ್ ೨೨ರಿಂದ ಮೋಟಾರು ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ನೂರಕ್ಕೆ ೧೮. ಬಹುತೇಕ ಸಾಮಾನಿನ ಮೇಲೆ ಮೊದಲು ೨೮ ಇತ್ತು. ಹತ್ತು ರೂಪಾಯಿ ಸರ್ಕಾರವೇ ಬಿಟ್ಟಮೇಲೂ ಉಳಿದ ಹದಿನೆಂಟಕ್ಕಾಗಿ ಕೈ ಚೀಟಿಯಲ್ಲಿ ಬ್ರೇಕು ಕೊಳ್ಳುತ್ತೀರಿ. ನಾಳೆ ಸಾಮಾನು ಕೈಕೊಟ್ಟರೆ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆ ತಮ್ಮ ಪರವಾಗಿ ನಿಲ್ಲಬಲ್ಲದು. ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವುದಕ್ಕೆಂದೇ ಕೊಂಡವನನ್ನು ಅದು ಗ್ರಾಹಕನೆಂದೇ ಎಣಿಸುತ್ತದೆ. ಆದರೆ ಏನು ಕೊಂಡಿರಿ, ಯಾರಿಂದ ಕೊಂಡಿರಿ ಎಂಬುದಕ್ಕೆ ಕಾಗದ ಬೇಡವೇ? ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ತಿಂಗಳು-ವರ್ಷ, ಗರಿಷ್ಠ ಬೆಲೆ ಇರಲೇಬೇಕೆಂದು ನಿಯಮವಿದೆ. ಅವಿಲ್ಲದ ಡಬ್ಬಿಯನ್ನು ಮುಟ್ಟಬೇಡಿ. ಬಿಲ್ಲಿನಲ್ಲಿ "ಬ್ರೇಕ್ ಸಾಮಾನು" ಎಂದು ಬರೆಸದೆ ಪಾರ್ಟ್ ನಂಬರನ್ನೇ ಬರೆಸಿ.

ಇನ್ನು ನಮ್ಮ ಸಂಘದ ವಿಚಾರ. ಕಳೆದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಾನೊಂದು ಸಲಹೆ ಇಟ್ಟೆ. ಸದಸ್ಯರ ಗಾಡಿಗಳಿಗೆಂದು ಸಂಘದ ಕಚೇರಿಯಲ್ಲಿ ಒಂದು ರಿಜಿಸ್ಟರು ಇರಲಿ; ಒಂದೊಂದು ಗಾಡಿಗೆ ಒಂದು ಪುಟ; ತಯಾರಿಕೆಯ ತಿಂಗಳು, ಛಾಸಿ ನಂಬರು, ಸಿಲಿಂಡರಿನ ಅಳತೆ, ಪಾರ್ಟ್ ನಂಬರು, ಎಣ್ಣೆ ಬದಲಾಯಿಸಿದ ದಿನಾಂಕ ಅದರಲ್ಲಿ ದಾಖಲಾಗಲಿ; ಒಬ್ಬರು ಹುಡುಕಿದ ನಂಬರು ಅಂಥದೇ ಗಾಡಿಯುಳ್ಳ ಇನ್ನೊಬ್ಬರಿಗೆ ದಾರಿ ತೋರಿಸಲಿ. ಸಭೆ ನಕ್ಕಿತು. "ಇದು ಭಾಷಾಭಿಮಾನಿಗಳ ಸಂಘ, ಗ್ಯಾರೇಜಲ್ಲ" ಎಂದು ಒಬ್ಬರು ಹಾಸ್ಯ ಮಾಡಿದರು. ಸ್ವಾಮಿ, ತಮ್ಮ ಭಾಷಾಭಿಮಾನದ ಕುರ್ಚಿ, ಮೈಕು, ಭುವನೇಶ್ವರಿಯ ಪಟ ಎಲ್ಲವೂ ಸಭಾಂಗಣಕ್ಕೆ ನಡೆದು ಬರುತ್ತವೆಯೇ? ಭುಜ ಮುರಿದುಕೊಂಡ ಆ ಹುಡುಗ ಹೋದ ವರ್ಷ ತಮ್ಮ ನಾಟಕದ ಪರದೆ ಎಳೆದವನೇ. ಆಸ್ಪತ್ರೆಯಲ್ಲಿ ಅವನನ್ನು ನೋಡಲು ಸಮಿತಿಯಿಂದ ಎಷ್ಟು ಮಂದಿ ಹೋದಿರಿ ಎಂದು ನಾನು ಸಭೆಯಲ್ಲಿ ಕೇಳಲಿಲ್ಲ, ಇಲ್ಲಿ ಕೇಳುತ್ತಿದ್ದೇನೆ.

ಖರ್ಚು ಒಂದು ಇನ್ನೂರು ಪುಟದ ಪುಸ್ತಕದ್ದು. ವರ್ನಿಯರ್ ಕ್ಯಾಲಿಪರ್ ನನ್ನದೇ ಇದೆ. ರಾಜ್ಯೋತ್ಸವದ ಸಾಮಾನು ಹೊರುವ ಮೂರು ಗಾಡಿಗಳನ್ನು ಅದಕ್ಕೆ ಮುಂಚಿನ ಯಾವುದಾದರೂ ಭಾನುವಾರ ಬೆಳಿಗ್ಗೆ ಸಂಘದ ಅಂಗಳಕ್ಕೆ ತಂದು ನಿಲ್ಲಿಸಲಿ. ಯಜಮಾನರು ಆರ್.ಸಿ. ಹಿಡಿದುಕೊಂಡು ತಾವೇ ಬರಲಿ, ಡ್ರೈವರನ್ನು ಕಳಿಸುವುದು ಬೇಡ. ಮೂರು ಪುಟ ನಾನು ಬರೆದುಕೊಡುತ್ತೇನೆ, ನಾಲ್ಕನೆಯದನ್ನು ಸಮಿತಿ ಬರೆಯಲಿ.